ಪುಸ್ತಕದಲ್ಲಿಲ್ಲದ ಸ್ವರಗಳು: ಹ್ಯಾಂಡೆಲ್ ಮತ್ತು ಆರ್ಗನ್

ಎರಡನೇ ಫೋಟೋ ಜೂಮ್ ಮಾಡಿ. ಸ್ವರಗಳ ಸಾಲಿನ ಮಧ್ಯೆ ಒಂದು ಕಡೆ ಬರೀ 'ಆಡ್ ಲಿಬಿಟಮ್' ಅಂತಿದೆ. ಲ್ಯಾಟಿನ್ ಮಾತು, ಅರ್ಥ 'ನಿಮ್ಮಿಷ್ಟ'. ಅಲ್ಲಿ ಏನು ನುಡಿಸಬೇಕು ಅನ್ನೋದು ಆರ್ಗನ್ ಮುಂದೆ ಕೂತವರಿಗೇ ಬಿಟ್ಟಿದ್ದು.

1735ರಲ್ಲಿ ಲಂಡನ್ನಿನಲ್ಲಿ ಹ್ಯಾಂಡೆಲ್‌ಗೆ ಭಾರೀ ಪೈಪೋಟಿ. ಎದುರು ಕಂಪನಿಯಲ್ಲಿ ಹಾಡ್ತಿದ್ದವನು ಫರಿನೆಲ್ಲಿ! ಹ್ಯಾಂಡೆಲ್ ಕೈಯಲ್ಲಿದ್ದ ತುರುಪು ಎಲೆ ಅಂದ್ರೆ ತನ್ನ ಬೆರಳುಗಳೇ. ಒರಟೋರಿಯೊ ಅಂದ್ರೆ ವೇಷ, ನಟನೆ ಇಲ್ಲದೆ ಹಾಡಿನಲ್ಲೇ ಕಥೆ ಹೇಳೋ ದೊಡ್ಡ ಕೃತಿ. ಅದರ ಭಾಗಗಳ ನಡುವೆ ತಾನೇ ಆರ್ಗನ್ ಕನ್ಚರ್ಟೊ ನುಡಿಸೋಕೆ ಶುರು ಮಾಡಿದ. ಆಗಿನಿಂದಲೂ ಎಲ್ಲವನ್ನೂ ಬರೆದಿಡೋ ಅಭ್ಯಾಸ ಅವನಿಗಿರಲಿಲ್ಲ. ನುಡಿಸೋನು ತಾನೇ ಅಲ್ವಾ, ಬರೆದು ಯಾರಿಗೆ ಕೊಡಬೇಕು?

1751ರ ಫೆಬ್ರವರಿ 13. 'ಜೆಫ್ತಾ' ಬರೆಯುತ್ತಿದ್ದಾಗ, ಎಡಗಣ್ಣಿನ ತೊಂದರೆಯಿಂದ ಕೆಲಸ ನಿಲ್ಲಿಸಬೇಕಾಯ್ತು ಅಂತ ಹಸ್ತಪ್ರತಿಯಲ್ಲೇ ಜರ್ಮನ್‌ನಲ್ಲಿ ಬರೆದಿಟ್ಟ. ಮುಂದೆ ದೃಷ್ಟಿ ಪೂರ್ತಿ ಹೋಯ್ತು. ಆದ್ರೆ ನುಡಿಸೋದು ನಿಲ್ಲಲಿಲ್ಲ.

ಹ್ಯಾಂಡೆಲ್‌ನ ವಾದ್ಯವೃಂದದಲ್ಲಿ ತಾನೂ ನುಡಿಸಿದ್ದ ಚಾರ್ಲ್ಸ್ ಬರ್ನಿ 1785ರಲ್ಲಿ ಇದರ ಬಗ್ಗೆ ಬರೆದಿದ್ದಾನೆ. ಮೊದಮೊದಲು ಹಳೇ ಕನ್ಚರ್ಟೊಗಳನ್ನು ನೆನಪಿನಿಂದ ನುಡಿಸುತ್ತಿದ್ದನಂತೆ. ಆಮೇಲೆ ನೆನಪಿಗಿಂತ ಕಲ್ಪನೆಯನ್ನೇ ಹೆಚ್ಚು ನಂಬಿದ. ಉಳಿದ ವಾದಕರಿಗೆ ಬರೀ ಅಸ್ಥಿಪಂಜರ ಕೊಟ್ಟು, ಆರ್ಗನ್ ಭಾಗವನ್ನೆಲ್ಲ ಆ ಕ್ಷಣದಲ್ಲೇ ಹುಟ್ಟಿಸ್ತಿದ್ದ. ಅವರು ಸುಮ್ಮನೆ ಕಾಯಬೇಕು. ಅವನು ಟ್ರಿಲ್ ಹಾಕಿದಾಗ, ಅಂದ್ರೆ ಪಕ್ಕಪಕ್ಕದ ಎರಡು ಸ್ವರಗಳನ್ನ ಬೇಗ ಬೇಗ ಕಂಪಿಸಿದಾಗ, ಅದೇ ಸಿಗ್ನಲ್. ಎಲ್ಲರೂ ಒಟ್ಟಿಗೆ ಶುರು. ಕಣ್ಣು ಕಾಣದವನು ಕಿವಿಯಿಂದಲೇ ಇಡೀ ತಂಡ ನಡೆಸಿದ ರೀತಿ ಇದು.

1759ರಲ್ಲಿ ಹ್ಯಾಂಡೆಲ್ ತೀರಿಕೊಂಡ. 1761ರಲ್ಲಿ ಪ್ರಕಾಶಕ ವಾಲ್ಶ್ 'ಓಪಸ್ 7' ಅಂತ ಆರು ಕನ್ಚರ್ಟೊ ಅಚ್ಚು ಹಾಕಿದ, ಖಾಲಿ ಜಾಗಗಳ ಸಮೇತ. ತುಂಬಬೇಕಿದ್ದವನೇ ಇಲ್ಲ.

ಇವತ್ತು ಕೆಲವರು ಹ್ಯಾಂಡೆಲ್‌ನದೇ ಬೇರೆ ಕೃತಿಯಿಂದ ಒಂದು ಭಾಗ ತಂದು ಅಲ್ಲಿ ಕೂರಿಸ್ತಾರೆ. ಕೆಲವರು ಮನೆಯಲ್ಲಿ ಬರೆದುಕೊಂಡು ಬರ್ತಾರೆ. ಧೈರ್ಯ ಇದ್ದವರು ವೇದಿಕೆಯಲ್ಲೇ ಕಟ್ಟುತ್ತಾರೆ. ಎರಡು ಕಾರ್ಡ್ ಒತ್ತಿ ಮುಂದೆ ಹೋಗೋರೂ ಇದ್ದಾರೆ. ಪುಸ್ತಕ ನೋಡಿದ್ರೆ ಅವರೇ ನಿಷ್ಠರು, ಆದ್ರೆ ಹ್ಯಾಂಡೆಲ್‌ನಿಂದ ಅತಿ ದೂರ ಹೋದವರೂ ಅವರೇ ಅಂತ ನನಗನ್ನಿಸುತ್ತೆ.

ಈಗಿನ ಕೆಲವು ಮುದ್ರಣಗಳಲ್ಲಿ ಆ ಜಾಗದಲ್ಲಿ ಸಣ್ಣ ಗಾತ್ರದ ಸ್ವರಗಳು ಕಾಣುತ್ತವೆ. ಅವು ಸಂಪಾದಕರು ಕೊಟ್ಟ ಸಲಹೆ. ಬೇಡ ಅನ್ನಿಸಿದ್ರೆ ಬಿಡಬಹುದು.

#ಸಂಗೀತದ_ಇತಿಹಾಸ #ಹ್ಯಾಂಡೆಲ್ #ಆರ್ಗನ್