ಗಣಕದ ಮೀಸಲು ಜಾಗ

ಗಣಕಯಂತ್ರದ ಗುಂಡಿಯೊತ್ತಿ, ತೆರೆಯ ಮೇಲೆ ಚಿತ್ರ ಮೂಡುವವರೆಗೆ ನೀವು ಕಾಫಿ ಲೋಟಕ್ಕೆ ಕೈ ಚಾಚುವಿರಷ್ಟೆ. ಆ ಕ್ಷಣಗಳಲ್ಲಿ ಒಳಗೆ ನಡೆಯುವ ಒಂದು ಕೆಲಸಕ್ಕೂ ಚರಿತ್ರೆಯುಂಟು.

ಯಂತ್ರವನ್ನಾಳುವ ಮೂಲ ಕಾರ್ಯಕ್ರಮಕ್ಕೆ ಕರ್ನೆಲ್ ಎಂದು ಹೆಸರು, ತಿರುಳು ಎಂದರ್ಥ. ಎದ್ದೊಡನೆ ಅದು ನೋಡಬೇಕಾದುದು ಮೆಮೊರಿಯನ್ನು. (ಸ್ಮೃತಿ ಎನ್ನೋಣವೆಂದರೆ ಮನು, ಯಾಜ್ಞವಲ್ಕ್ಯರ ನೆನಪಾಗುತ್ತದೆ, ಮೆಮೊರಿಯೇ ಇರಲಿ.) ಅಲ್ಲಿರುವ ಜಾಗವೆಲ್ಲ ಬರಿದಲ್ಲ. 1981ರ ಐ.ಬಿ.ಎಂ. ಪಿ.ಸಿ.ಯ 1024 ಕಿಲೋಬೈಟ್ ವಿಳಾಸಗಳಲ್ಲಿ ಕಾರ್ಯಕ್ರಮಗಳ ಪಾಲು 640. ಮಿಕ್ಕ 384 ತೆರೆಯ ಚಿತ್ರಕ್ಕೂ ಯಂತ್ರದ ಸ್ಥಿರ ಆದೇಶಗಳಿಗೂ ಮೀಸಲು. ಮುಂದೆ ಯಂತ್ರಗಳು ಬೆಳೆದರೂ ಆ ಮೀಸಲು ನಡುವೆ ಹಾಗೆಯೇ ಉಳಿಯಿತು. ಸಾಲದೆಂಬಂತೆ, ಕರ್ನೆಲ್ಲೂ ಎಲ್ಲಿಯೋ ಒಂದೆಡೆ ಕುಳಿತಿರುತ್ತದೆ. ಆ ಜಾಗವನ್ನೇ ಮರೆತು ಇನ್ನೊಬ್ಬರಿಗೆ ಹಂಚಿತೋ, ಕುಳಿತ ಕೊಂಬೆಯನ್ನು ಕಡಿದಂತೆ. ಯಂತ್ರ ಏಳುವ ಮೊದಲೇ ಮಲಗುತ್ತದೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ಕರ್ನೆಲ್ಲಿನ ಆರಂಭದ ಆವೃತ್ತಿಯೊಂದನ್ನು ನೋಡಿ. ಮೊದಲ ಮೆಗಾಬೈಟಿನಾಚೆಯ ಮೆಮೊರಿಯನ್ನು 4096 ಬೈಟುಗಳ ಪುಟಗಳಾಗಿ ವಿಂಗಡಿಸಿ, ಮೊದಲು ಎಲ್ಲ ಪುಟಗಳೂ ‘ಬಳಕೆಯಲ್ಲಿವೆ’ ಎಂದೇ ಬರೆದುಕೊಳ್ಳುತ್ತದೆ. ಬರಿದೆಂದು ಖಚಿತವಾದುವನ್ನು ಮಾತ್ರ ಆಮೇಲೆ ಬಿಡುತ್ತದೆ. ಉಗ್ರಾಣದ ಬೀಗದಕೈ ಸೊಂಟದಲ್ಲಿಟ್ಟುಕೊಂಡ ಅಜ್ಜಿಯ ಜಾಣತನವಿದು. ನನಗಂತೂ ಬಹಳ ಮೆಚ್ಚುಗೆಯಾಯಿತು.

ಆದರೆ ಲೆಕ್ಕದ ಪುಸ್ತಕಕ್ಕೇ ಜಾಗ ಬೇಡವೆ? ಜಾಗ ಕೊಡಲು ಲೆಕ್ಕ ಬೇಕು, ಲೆಕ್ಕ ಬರೆಯಲು ಜಾಗ ಬೇಕು. ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಕರೆದ ದೋಷ ಇದೇ. 1999ರಲ್ಲಿ ಹಂಗೇರಿಯ ಇಂಗೊ ಮೊಲ್ನಾರ್ ಬರೆದ ‘ಬೂಟ್‌ಮೆಮ್’ ಇದನ್ನು ಹೀಗೆ ದಾಟಿತು: ಕರ್ನೆಲ್ ಮುಗಿದೆಡೆಯ ಪಕ್ಕದಲ್ಲೇ ನಕ್ಷೆಯನ್ನಿಡು, ಪುಟಕ್ಕೊಂದು ಬಿಟ್, ಎಲ್ಲವೂ ಮೀಸಲೆಂದು ಗುರುತಿಸು, ಬರಿದಾದುದನ್ನು ಬಿಡು, ಬಳಿಕ ಕರ್ನೆಲ್ಲಿನ ಜಾಗವನ್ನೂ ನಕ್ಷೆಯ ಜಾಗವನ್ನೂ ಮತ್ತೆ ಮೀಸಲಿಡು. 128 ಮೆಗಾಬೈಟಿನ ಯಂತ್ರದಲ್ಲಿ 32,768 ಪುಟಗಳು. ಅಷ್ಟು ಬಿಟ್‌ಗಳಿಗೆ 4096 ಬೈಟು, ಎಂದರೆ ಸರಿಯಾಗಿ ಒಂದೇ ಪುಟ! 64 ಗಿಗಾಬೈಟಾದರೆ ನಕ್ಷೆಯೇ 2 ಮೆಗಾಬೈಟ್ ನುಂಗುತ್ತದೆ.

ಇದಕ್ಕಿಂತ ಹಗುರವಾದ ಉಪಾಯವೊಂದು ಬೇರೆ ಕಡೆ ಸಿದ್ಧವಾಗುತ್ತಿತ್ತು. 2001ರಲ್ಲಿ ಐ.ಬಿ.ಎಂ.ನ ಪೀಟರ್ ಬರ್ಗ್‌ನರ್ ಪವರ್‌ಪಿಸಿ ಯಂತ್ರಗಳಿಗಾಗಿ ಎರಡೇ ಪಟ್ಟಿಗಳನ್ನು ಮಾಡಿದರು: ಇರುವ ಮೆಮೊರಿ ಒಂದರಲ್ಲಿ, ಮೀಸಲಾದುದು ಇನ್ನೊಂದರಲ್ಲಿ. ಪುಟಪುಟವನ್ನೂ ಎಣಿಸದೆ, ಇಲ್ಲಿಂದ ಇಷ್ಟುದ್ದ ಎಂದು ಬರೆದರೆ ಮುಗಿಯಿತು. ಪಟ್ಟಿಯ ಮೊದಲ ಸಾಲುಗಳು ಕರ್ನೆಲ್ಲಿನೊಡಲಲ್ಲೇ ಅಡಕವಾಗಿರುವುದರಿಂದ ಅನ್ಯೋನ್ಯಾಶ್ರಯದ ಗೊಡವೆಯೇ ಇಲ್ಲ. 2010ರಲ್ಲಿ ಇದಕ್ಕೆ ‘ಮೆಮ್‌ಬ್ಲಾಕ್’ ಎಂದು ಹೆಸರಾಯಿತು. 2018ರ ಕೊನೆಗೆ ಬೂಟ್‌ಮೆಮ್ ನಿವೃತ್ತವಾಯಿತು.

ಏಳುವ ಕೆಲಸ ಮುಗಿಯುತ್ತಲೇ ಮೀಸಲು ಪಟ್ಟಿಯಲ್ಲಿಲ್ಲದ ಜಾಗವೆಲ್ಲ ಖಾಯಂ ಹಂಚಿಕೆದಾರನ ವಶವಾಗುತ್ತದೆ. ಮದುವೆ ಮುಗಿದ ಮೇಲೆ ಚಪ್ಪರ ಬಿಚ್ಚುವಂತೆ, ಆರಂಭಕ್ಕೆಂದೇ ಬರೆದ ಆದೇಶಗಳ ಜಾಗವನ್ನೂ ಕರ್ನೆಲ್ ಬಿಟ್ಟುಕೊಡುತ್ತದೆ. ಎಷ್ಟು ಕಿಲೋಬೈಟ್ ಬಿಟ್ಟಿತೆಂಬುದನ್ನು ತನ್ನ ದಿನಚರಿಯಲ್ಲಿ ಒಂದು ಸಾಲು ಬರೆದಿಡುತ್ತದೆ.