ಷರಾ ಕಾಲಂ

ನಮ್ಮ ಮನೆಯ ಕಪಾಟಿನಲ್ಲಿ ಒಂದು ಉದ್ದನೆಯ ಲೆಡ್ಜರ್ ಇದೆ. ಕೆಂಪು ಬಟ್ಟೆಯ ಬೆನ್ನು, ಮೂಲೆ ಸವೆದ ರಟ್ಟು. ಮೊದಲ ಪುಟದ ತಲೆಯಲ್ಲಿ ಅಪ್ಪಯ್ಯನ ದುಂಡು ಅಕ್ಷರದಲ್ಲಿ ‘ಯುಗಾದಿ, 1986’ ಎಂದಿದೆ. ಕೆಳಗೆ ಒಂದನೇ ನಂಬರು, ಬಂಗಾರದ ಮನುಷ್ಯ. ಆ ದಿನ ಅಪ್ಪಯ್ಯ 40 ಕ್ಯಾಸೆಟ್ಟು, ಅವನ್ನು ಓಡಿಸುವ ಎರಡು ವಿಸಿಪಿ, ಒಂದು ಕಲರ್ ಟಿವಿ ಇಟ್ಟುಕೊಂಡು ಸಾಗರದ ಪೇಟೆಯಲ್ಲಿ ವಿಡಿಯೊ ಲೈಬ್ರರಿ ತೆರೆದ. 2004ರಲ್ಲಿ ಬಾಗಿಲು ಹಾಕುವಾಗ ನಂಬರು 683ಕ್ಕೆ ಬಂದಿತ್ತು.

ಲೆಡ್ಜರಿನಲ್ಲಿ ಏಳು ಕಾಲಂ. ನಂಬರು, ಚಿತ್ರ, ಕ್ಯಾಸೆಟ್ ಕಂಪನಿ, ತಂದ ದಿನ, ಒಯ್ದವರು, ವಾಪಸು ಬಂದ ದಿನ, ಕೊನೆಗೆ ಷರಾ. ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ಕೂತು ಆರು ಕಾಲಂ ತುಂಬುವುದು ನನ್ನ ಕೆಲಸವಾಗಿತ್ತು. ಷರಾ ಮಾತ್ರ ಅಪ್ಪಯ್ಯನೇ ಬರೆಯಬೇಕು. ‘ಎರಡನೇ ಹಾಡಿನಲ್ಲಿ ಗೆರೆ.’ ‘ಕಡೆಯ ಭಾಗ ಮಸುಕು.’ ‘ಟ್ರ್ಯಾಕಿಂಗ್ ಕೂರುವುದಿಲ್ಲ, ನಮ್ಮ ಎರಡನೇ ವಿಸಿಪಿಯಲ್ಲಿ ಮಾತ್ರ ಸರಿ ಬರುತ್ತದೆ.’ ಇಂದು ನನ್ನ ಹತ್ತಿರ ಹಾರ್ಡ್ ಡಿಸ್ಕಿನಲ್ಲಿ ಒಂಬತ್ತು ನೂರಕ್ಕೂ ಹೆಚ್ಚು ಸಿನಿಮಾಗಳಿವೆ. ಅವನ್ನು ಕಾಯುವುದು ಹೇಗೆಂದು ನನಗೆ ಕಲಿಸಿದ್ದು ಆ ಏಳನೇ ಕಾಲಂ.

ಜಪಾನಿನ ಜೆವಿಸಿ ಕಂಪನಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಹೊರತಂದದ್ದು 1976ರಲ್ಲಿ. ನಮ್ಮಲ್ಲಿ ಅದರ ಕಾಲ ಶುರುವಾದದ್ದು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಕಲರ್ ಟಿವಿ ಬಂದ ಮೇಲೆ. ಮಲೆನಾಡಿನಲ್ಲಿ ಇನ್ನೊಂದು ಕಾರಣವೂ ಇತ್ತು. ಗುಡ್ಡಗಳ ನಡುವಿನ ಹಳ್ಳಿಗೆ ದೂರದರ್ಶನದ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲ, ಪೇಟೆಯ ಟಾಕೀಸಿಗೆ ಬಂದರೆ ರಾತ್ರಿ ವಾಪಸು ಹೋಗಲು ಬಸ್ಸಿರುತ್ತಿರಲಿಲ್ಲ. ಹಾಗಾಗಿ ಟಿವಿ, ವಿಸಿಪಿ ಮತ್ತು ಮೂರು ಕ್ಯಾಸೆಟ್ಟುಗಳೇ ಜೀಪು ಹತ್ತಿ ಹಳ್ಳಿಗೆ ಹೋಗುತ್ತಿದ್ದವು. ಅಡಿಕೆ ಮಾರಿ ಕೈಯಲ್ಲಿ ದುಡ್ಡು ಆಡುವ ದಿನಗಳು, ಗಣಪತಿ ಹಬ್ಬ, ಮದುವೆಯ ಹಿಂದಿನ ರಾತ್ರಿ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಇವು ನಮ್ಮ ಸುಗ್ಗಿ. ಮನೆಗಿಷ್ಟು ಎಂದು ಚಂದಾ ಎತ್ತಿ, ಅಂಗಳದಲ್ಲಿ ಕಂಬಳಿ ಹಾಸಿ, ಬೆಳಗಿನ ಜಾವದವರೆಗೆ ಮೂರೂ ಸಿನಿಮಾ ನೋಡುತ್ತಿದ್ದರು. “ತಂಗೀ, ರಾಜ್‌ಕುಮಾರಂದು ಹೊಸಾದು ಯಾವ್ದಾದ್ರೂ ಬಂತೇ?” ಎಂದು ಕೇಳಿಕೊಂಡು ಬರುತ್ತಿದ್ದ ಹಿರಿಯರ ಕೈಯಲ್ಲಿ ತೋಟದ ಕೊಳೆರೋಗದ ಔಷಧದ ವಾಸನೆ ಇರುತ್ತಿತ್ತು.

ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿಯಾಗಿ, ಕ್ಯಾಸೆಟ್ಟಿನ ಮೇಲೆ ತಯಾರಿಸಿದವರ ಹೆಸರು, ವಿಳಾಸ ಇರಲೇಬೇಕು ಎಂದಾಗಿತ್ತು. ಅಪ್ಪಯ್ಯ ಆ ಚೀಟಿ ಇಲ್ಲದ ಕ್ಯಾಸೆಟ್ಟನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಸಲಿ ಕ್ಯಾಸೆಟ್ಟಾದರೂ ಚಿತ್ರ ಪೂರ್ತಿ ಇರುತ್ತದೆ ಎಂಬ ಭರವಸೆ ಇರಲಿಲ್ಲ. ಟಾಕೀಸುಗಳಲ್ಲಿ ಓಡಿ ಸವೆದ ಪ್ರಿಂಟಿನಿಂದಲೇ ಎಷ್ಟೋ ಚಿತ್ರಗಳು ಟೇಪಿಗೆ ಬರುತ್ತಿದ್ದವು. ರೀಲು ತುಂಡಾಗಿ ಅಂಟಿಸಿದ ಕಡೆ ಮಾತು ಹಾರಿಹೋಗುತ್ತಿತ್ತು. ಸಿನಿಮಾಸ್ಕೋಪ್ ಚಿತ್ರದ ಎರಡೂ ಬದಿ ಕತ್ತರಿಸಿ ಟಿವಿಯ ಚೌಕಕ್ಕೆ ಕೂರಿಸುತ್ತಿದ್ದರು. ಅಳುವ ದೃಶ್ಯದ ಅಡಿಯಲ್ಲಿ ಕಂಪನಿಯ ಜಾಹೀರಾತು ತೆವಳಿಕೊಂಡು ಹೋಗುತ್ತಿತ್ತು. ಇದೆಲ್ಲ ಷರಾ ಕಾಲಂ ಸೇರುತ್ತಿತ್ತು.

ನಮ್ಮ ದೊಡ್ಡ ವೈರಿ ಮಳೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಚಪ್ಪಲಿ, ಚೀಲ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಟೇಪನ್ನು ಬಿಟ್ಟೀತೆ? ಬೂಷ್ಟು ಹಿಡಿದ ಒಂದು ಕ್ಯಾಸೆಟ್ಟು ಹಾಕಿದರೆ ಅದು ವಿಸಿಪಿಯ ಹೆಡ್ಡಿಗೆ ಮೆತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ನಮ್ಮಜ್ಜಿ ಬಿತ್ತನೆಯ ಬೀಜವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳು. ಅದನ್ನೇ ನೋಡಿ ಅಪ್ಪಯ್ಯ ಕ್ಯಾಸೆಟ್ಟಿನ ಕಪಾಟಿನ ತಳದಲ್ಲಿ 40 ವ್ಯಾಟಿನ ಬಲ್ಬೊಂದನ್ನು ಮಳೆಗಾಲ ಪೂರ್ತಿ ಉರಿಸಿಡುತ್ತಿದ್ದ. ಕಪಾಟಿನ ಸಂದಿಯಿಂದ ಆ ಹಳದಿ ಬೆಳಕು ರಾತ್ರಿಯಿಡೀ ಕಾಣುತ್ತಿತ್ತು.

ಇಷ್ಟು ಜತನ ಯಾಕೆಂದು ಒಮ್ಮೆ ಕೇಳಿದ್ದೆ. ಅಪ್ಪಯ್ಯ ಸತಿ ಸುಲೋಚನದ ಕತೆ ಹೇಳಿದ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರ ಅಭಿನಯ, ಚಿತ್ರೀಕರಣ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುತ್ತಿತ್ತು, ತಾನಾಗಿಯೇ ಕೊಳೆತು ಪುಡಿಯಾಗುತ್ತಿತ್ತು. ಓಡಿ ಮುಗಿದ ಚಿತ್ರಗಳ ರೀಲನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸಿ ಮಾರುವುದೂ ದೇಶದ ತುಂಬ ನಡೆದಿತ್ತು. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಹುಟ್ಟಿದ್ದು 1964ರಲ್ಲಿ. ಅಲ್ಲಿನ ಪಿ.ಕೆ. ನಾಯರ್ ಅವರು ಊರೂರು ಅಲೆದು ಫಿಲ್ಮಿನ ಡಬ್ಬಿ ಕೂಡಿಹಾಕತೊಡಗುವ ಹೊತ್ತಿಗೆ ನಮ್ಮ ಮೊದಲ ಮಾತಿನ ಚಿತ್ರಕ್ಕೆ ಮೂವತ್ತು ದಾಟಿತ್ತು. “ಯಾರಾದರೂ ಒಬ್ಬ ಒಂದು ಪ್ರತಿ ಅಟ್ಟದ ಮೇಲಿಟ್ಟಿದ್ದರೆ ಸಾಕಿತ್ತು ಮಗಾ” ಎಂದಿದ್ದ ಅಪ್ಪಯ್ಯ. ಆ ‘ಯಾರಾದರೂ ಒಬ್ಬ’ ನಾವೇ ಯಾಕಾಗಬಾರದು ಎಂಬ ಯೋಚನೆ ನನ್ನಲ್ಲಿ ಅಂದೇ ಬೇರುಬಿಟ್ಟಿತು.

1994ರಲ್ಲಿ ಉದಯ ಟಿವಿ ಬಂತು. ಕೇಬಲ್ಲು ಮನೆಮನೆಗೆ ಸೇರಿದಂತೆ ಬಾಡಿಗೆಗೆ ಬರುವವರು ತೆಳುವಾದರು. ಹಿಂದೆಯೇ ವಿಸಿಡಿ ಬಂತು. ಒಂದು ತಟ್ಟೆಯಲ್ಲಿ ಹೆಚ್ಚೆಂದರೆ 80 ನಿಮಿಷ. ಹಾಗಾಗಿ ಒಂದು ಕನ್ನಡ ಚಿತ್ರಕ್ಕೆ ಎರಡು, ಕೆಲವಕ್ಕೆ ಮೂರು ತಟ್ಟೆ. ಚಿತ್ರದ ಅಳತೆ 352ಕ್ಕೆ 288 ಚುಕ್ಕಿ. ಕತ್ತಲೆಯ ದೃಶ್ಯ ಬಂದರೆ ತೆರೆಯ ಮೇಲೆ ಚೌಕಚೌಕ ಕಾಣುತ್ತಿತ್ತು. ಆದರೂ ಅದಕ್ಕೆ ಬೂಷ್ಟಿನ ಭಯವಿಲ್ಲ, ರಿವೈಂಡ್ ಮಾಡುವ ಕಾಟವಿಲ್ಲ. ಆಮೇಲೆ ಡಿವಿಡಿ. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ, ಬಾಡಿಗೆಗೆ ತಂದು ನೋಡುತ್ತಿದ್ದ ಸಿನಿಮಾವನ್ನು ಜನ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವಂತಾಯಿತು. ಸ್ವಂತ ಸಂಗ್ರಹ ಎಂಬುದು ಶೋಕಿದಾರರ ಕೈಯಿಂದ ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಗೆ ಇಳಿದದ್ದು ಆಗ.

ಸಾಗುವಳಿ ಬದಲಾದಾಗ ಹಳೆಯ ಬೀಜ ಕಳೆದುಹೋಗುವ ಹಾಗೆ, ಒಂದು ವಾಹಕದಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಒಂದಿಷ್ಟು ಚಿತ್ರಗಳು ಹಿಂದೆ ಉಳಿದವು. ಸ್ಟಾರುಗಳ ಚಿತ್ರಗಳು ರೀಲಿನಿಂದ ಟೇಪಿಗೆ, ಟೇಪಿನಿಂದ ತಟ್ಟೆಗೆ ದಾಟಿದವು. ಎರಡು ವಾರ ಓಡಿ ಇಳಿದ ಚಿತ್ರಗಳನ್ನು ಯಾರೂ ದಾಟಿಸಲಿಲ್ಲ. ನಮ್ಮ 683ರಲ್ಲಿ ತಟ್ಟೆಯಾಗಿ ನನ್ನ ಕೈಗೆ ಸಿಗದ ಕ್ಯಾಸೆಟ್ಟುಗಳನ್ನು ಎಣಿಸಿದಾಗ 71 ಉಳಿದವು. ಅವಕ್ಕಾಗಿ ನಾನು ಕಂಪ್ಯೂಟರ್ ಕೊಂಡೆ.

ಮೊದಲ ತಪ್ಪು ಮಾಡಿದ್ದೂ ಆಗಲೇ. ಒಂದು ಟೆರಾಬೈಟಿನ ಡಿಸ್ಕಿಗೆ 200ಕ್ಕೂ ಹೆಚ್ಚು ಸಿನಿಮಾ ತುಂಬಿ, ‘ಇನ್ನು ಕಂಪ್ಯೂಟರಿನಲ್ಲಿ ಇದೆಯಲ್ಲ’ ಎಂದು ಸವೆದ ಕ್ಯಾಸೆಟ್ಟುಗಳನ್ನು ಗುಜರಿಗೆ ಕೊಟ್ಟೆ. 2012ರ ಆಷಾಢದ ಒಂದು ರಾತ್ರಿ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿತು. ಬೆಳಿಗ್ಗೆ ಕಂಪ್ಯೂಟರ್ ಅದನ್ನು ಗುರುತಿಸಲಿಲ್ಲ. ತಟ್ಟೆಯಲ್ಲಿದ್ದವನ್ನು ಮತ್ತೆ ತುಂಬಿಕೊಂಡೆ. ಟೇಪಿನಿಂದ ತೆಗೆದ 19 ಚಿತ್ರಗಳು ಹೋಗಿಯೇ ಹೋದವು. ಅಪ್ಪಯ್ಯನಿಗೆ ಆಗ ಕಣ್ಣು ಮಂಜಾಗಿತ್ತು. ಲೆಡ್ಜರ್ ತರಿಸಿಕೊಂಡು, ಆ 19 ನಂಬರುಗಳನ್ನು ನನ್ನಿಂದ ಓದಿಸಿ, ಒಂದೊಂದರ ಷರಾದಲ್ಲೂ ‘ಕಳೆದಿದೆ’ ಎಂದು ಬರೆಯಿಸಿದ. ಒಂದು ಮಾತು ಬೈಯಲಿಲ್ಲ. ಆ 19 ಸಲ ಬರೆದದ್ದು ನನಗೆ ಸಾಕಾಗಿತ್ತು.

ಅಲ್ಲಿಂದ ಮುಂದೆ ಪ್ರತಿಯೊಂದು ಚಿತ್ರಕ್ಕೂ ಮೂರು ಪ್ರತಿ. ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಮನೆಯಲ್ಲಿ, ಮೂರನೆಯದು ಶಿವಮೊಗ್ಗದ ತಂಗಿಯ ಮನೆಯಲ್ಲಿ. ವರ್ಷಕ್ಕೊಮ್ಮೆ ಅವಳು ದೀಪಾವಳಿಗೆ ಬರುವಾಗ ಡಿಸ್ಕು ತರುತ್ತಾಳೆ. ಪ್ರತಿ ಫೈಲಿಗೂ ಚೆಕ್‌ಸಮ್ ಎಂಬ ಒಂದು ಉದ್ದ ಸಂಖ್ಯೆ ತೆಗೆದಿಟ್ಟಿರುತ್ತೇನೆ. ಅದು ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಂದು ಅಕ್ಷರದಷ್ಟು ಕೆಟ್ಟರೂ ಸಂಖ್ಯೆ ಬದಲಾಗುತ್ತದೆ. ಮೂರೂ ಕಡೆಯ ಸಂಖ್ಯೆ ತಾಳೆ ನೋಡಿ, ಕೆಟ್ಟದ್ದನ್ನು ಅಳಿಸಿ, ಚೆನ್ನಾಗಿರುವುದರಿಂದ ಮತ್ತೆ ಪ್ರತಿ ಮಾಡುತ್ತೇವೆ.

ಹೆಸರಿಡುವುದರಲ್ಲೂ ಶಿಸ್ತು ಬೇಕು. ಬರೀ ‘ನಾಗರಹಾವು’ ಎಂದಿಟ್ಟರೆ ಯಾವುದು? 1972ರ ಪುಟ್ಟಣ್ಣ ಕಣಗಾಲರದೋ, 2002ರದೋ, 2016ರದೋ? ಸತ್ಯ ಹರಿಶ್ಚಂದ್ರ 1943ರಲ್ಲೂ ಇದೆ, 1965ರಲ್ಲೂ ಇದೆ. 1965ರ ಚಿತ್ರಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ ಪ್ರತಿಯೂ ಇದೆ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದೇ ಹೆಸರಿಗೆ ನಾಲ್ಕು ಕಾಗುಣಿತ, ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ನನ್ನ ಕ್ರಮ ಇದು. ಮೊದಲು ಇಸವಿ, ಆಮೇಲೆ ಕನ್ನಡ ಅಕ್ಷರದಲ್ಲಿ ಹೆಸರು, ಆಮೇಲೆ ನಿರ್ದೇಶಕರು, ಕಡೆಗೆ ಎಲ್ಲಿಂದ ತೆಗೆದದ್ದು ಎಂಬುದು, ಅಂದರೆ ಟೇಪೋ, ವಿಸಿಡಿಯೋ, ಡಿವಿಡಿಯೋ. ಜೊತೆಗೊಂದು ಸಣ್ಣ ಪಠ್ಯದ ಫೈಲು. ಅದರ ಹೆಸರು ಷರಾ.

ಟೇಪಿನಿಂದ ತೆಗೆಯುವ ಕೆಲಸ ಕೈಗೆ ಸಿಗುವ ಕೆಲಸ. ಹೋದ ಮಾಗಿಯಲ್ಲಿ 317ನೇ ನಂಬರನ್ನು ಎತ್ತಿಕೊಂಡೆ. ಎಪ್ಪತ್ತರ ದಶಕದ ಕಪ್ಪು-ಬಿಳುಪು ಚಿತ್ರ. ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿಯ ಮೇಲೆ ಬೂದಿ ಎರಚಿದಂತೆ ಬೂಷ್ಟು. ಕ್ಯಾಸೆಟ್ಟಿನ ಹಿಂಬದಿಯ ಐದು ಸ್ಕ್ರೂ ಬಿಚ್ಚಿ, ಮುಚ್ಚಳ ಎತ್ತಿ, ಎರಡೂ ಸುರುಳಿಗಳನ್ನು ಹೊರತೆಗೆದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಜುಂಗು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಟೇಪನ್ನು ಬೆರಳಿನ ನಡುವೆ ಹಾಯಿಸುತ್ತ ಗೇಣುಗೇಣಾಗಿ ಒರೆಸಬೇಕು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ 250 ಮೀಟರಿಗೂ ಹೆಚ್ಚು ಟೇಪು ಇರುತ್ತದೆ. ಎಳೆದರೆ ಹಿಗ್ಗುತ್ತದೆ, ಮಡಿಸಿದರೆ ಆ ಗೆರೆ ಶಾಶ್ವತ. ನಾಲ್ಕು ದಿನ ಹಿಡಿಯಿತು. ಒಣಗಿಸಿ, ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಚಿಪ್ಪಿನಲ್ಲಿ ಕೂರಿಸಿ, ಅಪ್ಪಯ್ಯನ ಎರಡನೇ ವಿಸಿಪಿಗೆ ಹಾಕಿದೆ. ಎಷ್ಟೋ ಹಳೆಯ ಕ್ಯಾಸೆಟ್ಟುಗಳ ಷರಾದಲ್ಲಿ ಹಾಗೇ ಬರೆದಿತ್ತಲ್ಲ, ಅದರಲ್ಲಿ ಮಾತ್ರ ಸರಿ ಬರುತ್ತದೆ ಎಂದು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೊನೆಯ ವಿಸಿಆರ್ ತಯಾರಿಸಿ ನಿಲ್ಲಿಸಿತು. ಇನ್ನು ಇರುವ ಯಂತ್ರಗಳನ್ನೇ ಕಾಪಾಡಿಕೊಳ್ಳಬೇಕು.

ಇಲ್ಲಿ ಅವಸರ ನಡೆಯುವುದಿಲ್ಲ. ಎರಡೂವರೆ ಗಂಟೆಯ ಚಿತ್ರಕ್ಕೆ ಎರಡೂವರೆ ಗಂಟೆಯೇ ಬೇಕು. ಡಿವಿ ಎಂಬ ಡಿಜಿಟಲ್ ಕ್ರಮದಲ್ಲಿ ತುಂಬಿಕೊಂಡರೆ ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ. ನೋಡಲು ಚಿಕ್ಕದೊಂದು ಪ್ರತಿ ಮಾಡಿಕೊಂಡರೂ ಆ ದೊಡ್ಡ ಮೂಲವನ್ನು ಅಳಿಸುವುದಿಲ್ಲ. ಒಮ್ಮೆ ಒತ್ತಿ ಕುಗ್ಗಿಸಿದರೆ ಹೋದ ವಿವರ ಮತ್ತೆ ಬರುವುದಿಲ್ಲ.

317 ಓಡುತ್ತಿದ್ದಾಗ ಎದುರು ಕುಳಿತಿದ್ದೆ. ಈ ಚಿತ್ರದ ವಿಸಿಡಿಯೂ ನನ್ನ ಹತ್ತಿರ ಇದೆ, ಚಿತ್ರ ಅದರಲ್ಲೇ ಹೆಚ್ಚು ಸ್ವಚ್ಛ. ನಡುವೆ ಒಂದೆಡೆ ನಾಯಕಿಯ ತಾಯಿ ಬಾವಿಕಟ್ಟೆಯ ಮೇಲೆ ಕೂತು ಹಾಡತೊಡಗಿದಳು. ವಿಸಿಡಿಯಲ್ಲಿ ಆ ಹಾಡು ಇಲ್ಲ. ಅಲ್ಲಿ ಬಾವಿಕಟ್ಟೆಯಿಂದ ನೇರ ಮದುವೆಯ ಮನೆಗೆ ಹಾರುತ್ತದೆ. ಮೂರು ನಿಮಿಷ ನಲವತ್ತು ಸೆಕೆಂಡು, ಗೆರೆ ಬಿದ್ದ, ಅಲುಗುವ, ಬೇರೆಲ್ಲೂ ನಾನು ಕಾಣದ ಹಾಡು. ಹಳೆಗನ್ನಡ ಕಾವ್ಯ ಸಂಪಾದಿಸುವವರು ಪಾಠಾಂತರ ಎನ್ನುತ್ತಾರೆ. ಒಂದು ಓಲೆಗರಿಯಲ್ಲಿ ಬಿಟ್ಟುಹೋದ ಪದ್ಯ ಇನ್ನೊಂದರಲ್ಲಿ ಸಿಗುತ್ತದೆ, ಅದಕ್ಕೇ ಕೆಟ್ಟ ಪ್ರತಿಯನ್ನೂ ಎಸೆಯಬಾರದು. ಆ ಮಾತು ಅಂದು ನನಗೆ ಕಣ್ಣೆದುರೇ ಅರ್ಥವಾಯಿತು.

ಪ್ರತಿ ಮಾಡುವುದು ನಮ್ಮ ನಾಡಿಗೆ ಹೊಸ ಕೆಲಸವಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಯ ಲಿಪಿಕಾರರು ಕೊನೆಯಲ್ಲಿ ಪ್ರತಿ ಮುಗಿಸಿದ ದಿನ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದರು. ಅದು ಅವರ ಷರಾ. ಆದರೆ ಸಿನಿಮಾದ ಪ್ರತಿಯನ್ನು ಅತ್ತಿಮಬ್ಬೆಯಂತೆ ಹಂಚುವಂತಿಲ್ಲ, ನಮ್ಮ ಕಾನೂನಿನಲ್ಲಿ ಚಲನಚಿತ್ರದ ಮೇಲಿನ ಹಕ್ಕು 60 ವರ್ಷ ಇರುತ್ತದೆ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, 1964ರ ಅಮರಶಿಲ್ಪಿ ಜಕಣಾಚಾರಿಗೆ ಆ ಅವಧಿ 2024ಕ್ಕೆ ಮುಗಿಯಿತು. ಹಕ್ಕು ಎಲ್ಲರದಾಗುವ ದಿನ ಬರುವವರೆಗೆ ಪ್ರತಿ ಉಳಿದಿರಬೇಕಲ್ಲ. ಅಲ್ಲಿಯವರೆಗೆ ನನ್ನ ಸಂಗ್ರಹ ಮನೆಯೊಳಗಿನದು, ಹಂಚುವುದಿಲ್ಲ, ಕಾಯುತ್ತೇನೆ. ಗಿರೀಶ ಕಾಸರವಳ್ಳಿಯವರ 1977ರ ಘಟಶ್ರಾದ್ಧ ಹೊಸದಾಗಿ ಸಂಸ್ಕರಣೆಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಯಾರೋ ಡಬ್ಬಿಯನ್ನು ಜೋಪಾನವಾಗಿ ಇಟ್ಟಿದ್ದರು, ಅದಕ್ಕೇ ಅದು ಸಾಧ್ಯವಾಯಿತು.

ಆ ಸಂಜೆ ಕಂಪ್ಯೂಟರಿನ ಷರಾ ಫೈಲು ತುಂಬಿದ ಮೇಲೆ ಹಳೆಯ ಲೆಡ್ಜರನ್ನೂ ತೆರೆದೆ. 317ರ ಎದುರು ಅಪ್ಪಯ್ಯ ‘ಬಾವಿಕಟ್ಟೆ ಹಾಡು ಪೂರ್ತಿ ಇದೆ’ ಎಂದು 1988ರಲ್ಲೇ ಬರೆದಿದ್ದ. ನಾನು ಅದನ್ನು ಯಾವತ್ತೂ ಓದಿರಲಿಲ್ಲ. ಅದರ ಕೆಳಗೆ ಜಾಗವಿತ್ತು. ದಿನಾಂಕ ಹಾಕಿ ಬರೆದೆ: ‘ಪ್ರತಿ ಮೂರು ಆಗಿದೆ.’