ಕುಮಟಾದಲ್ಲಿ ಬೆಳೆಯದ ‘ಕುಮಟಾ ಹತ್ತಿ’: ನವಲಗುಂದದಿಂದ ಕಡಲಿಗೆ ಒಂದು ಹಳೇ ಹಾದಿ

ಕುಮಟಾದಿಂದ ಗೋಕರ್ಣದವರೆಗಿನ ಬೀಚ್ ಟ್ರೆಕ್ ರೀಲ್ಸ್ ನೀವು ನೋಡೇ ಇರ್ತೀರಿ. ಬಂಡೆ, ಮರಳು, ನಡುವೆ ಅಘನಾಶಿನಿ ದಾಟಲು ದೋಣಿ. ಹುಬ್ಬಳ್ಳಿ-ಧಾರವಾಡದ ಹುಡುಗರು ವೀಕೆಂಡಿಗೆ ಬಸ್ಸಿನಾಗ ಹೋಗಿ ನಡೆದು ಬರುತ್ತಾರೆ. ಸುಮಾರು 150 ವರ್ಷದ ಹಿಂದೆ ನಮ್ಮ ಕಡೆಯಿಂದ ಕುಮಟಾಕ್ಕೆ ಹೋಗುವವರಿಗೆ ಮನೆ ಬಾಗಿಲಿನಿಂದಲೇ ನಡಿಗೆ ಶುರುವಾಗುತ್ತಿತ್ತು. ಬೆನ್ನ ಮೇಲೆ ಬ್ಯಾಗ್ ಇರಲಿಲ್ಲ, ಎತ್ತಿನ ಬೆನ್ನ ಮೇಲೆ ಹತ್ತಿ ಇತ್ತು. ಇವತ್ತಿನ ಎಪಿಸೋಡ್ ಆ ಹಾದಿಯ ಬಗ್ಗೆ.

ಮೊದಲು ಒಂದು ಹೆಸರಿನ ಕಥೆ. 19ನೇ ಶತಮಾನದ ಮುಂಬೈ ಹತ್ತಿ ಪೇಟೆಯಲ್ಲಿ ‘ಕುಮಟಾ’ ಅನ್ನೋ ಒಂದು ಜಾತಿಯ ಹತ್ತಿ ಮಾರಾಟವಾಗುತ್ತಿತ್ತು. ತಮಾಷೆ ಅಂದ್ರ, ಕುಮಟಾ ಹತ್ತಿ ಬೆಳೆಯುವ ಊರೇ ಅಲ್ಲ. ಅದು ಭತ್ತ, ತೆಂಗು, ಮೀನಿನ ಸೀಮೆ. ಆ ಹತ್ತಿ ಬೆಳೆದದ್ದು ನವಲಗುಂದ, ಅಣ್ಣಿಗೇರಿ, ಕುಂದಗೋಳದಂಥ ಕಡೆಯ ಎರಿ ಹೊಲದಾಗ. ನಮ್ಮ ಜವಾರಿ ಹತ್ತಿಗೆ ಅದು ಹಡಗು ಏರಿದ ಬಂದರಿನ ಹೆಸರು ಬಿತ್ತು. ಬಿ.ಕಾಂ.ನಾಗ ಬ್ರ್ಯಾಂಡಿಂಗ್ ಪಾಠ ಓದಿದ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಈಗ ಕೆಲಸದ ಲೆಕ್ಕ ನೋಡ್ರಿ. ಬಿತ್ತನೆ ಆಗಸ್ಟ್-ಸೆಪ್ಟೆಂಬರಿನಾಗ, ಬಿಡಿಸೋದು ಬೇಸಿಗೆ ಹೊತ್ತಿಗೆ. ಆಮೇಲೆ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸಿ ಕಾಳು ಬೇರೆ ಮಾಡುತ್ತಿದ್ದರು. ಕಾಳು ದನಕ್ಕೆ, ಅರಳೆ ಪೇಟೆಗೆ. ಮಳೆಗಾಲ ಶುರುವಾದ್ರ ಸಮುದ್ರ ಬಂದ್, ಘಟ್ಟವೂ ಬಂದ್. ಅಂದ್ರ ಡೆಡ್‌ಲೈನ್ ಇಟ್ಟದ್ದು ಮಳೆರಾಯ. ಅಷ್ಟರೊಳಗೆ ಮಾಲು ಕರಾವಳಿ ಮುಟ್ಟಿ, ಹಾಯಿ ಹಡಗಿನಾಗ ಮುಂಬೈ ಕಡೆ ಹೊರಡಬೇಕು.

ಹಾದಿ ಮುಖ್ಯವಾಗಿ ಎರಡು. ಒಂದು, ಮುಂಡಗೋಡ, ಶಿರಸಿ ಮೇಲೆ ಹಾದು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ. ಇನ್ನೊಂದು, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾ, ಕಾರವಾರಕ್ಕೆ. ಈ ನಡಿಗೆಯಾಗ ನೆಲವೇ ಬದಲಾಗುತ್ತದೆ. ನವಲಗುಂದದ ಬೆಣ್ಣಿಹಳ್ಳದ ನೀರು ಮಲಪ್ರಭೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಲಘಟಗಿ ಕಡೆಯ ಬೇಡ್ತಿ ನೀರು ಪಶ್ಚಿಮಕ್ಕೆ ತಿರುಗಿ, ಗಂಗಾವಳಿ ಅನ್ನೋ ಹೆಸರಿನಾಗ ಅಂಕೋಲಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಬಟಾಬಯಲಿನ ಎರಿ ನೆಲದಿಂದ ಹೊರಟವರು ಕಲಘಟಗಿ ದಾಟಿದ ಮೇಲೆ ಕಾಡು ಹೊಕ್ಕುತ್ತಿದ್ದರು.

ಚಕ್ಕಡಿ ಹೋಗದ ಕಡೆ ಹೇರಿನ ಎತ್ತುಗಳೇ ಗತಿ. ಆ ಕಸುಬಿನಲ್ಲಿ ಲಂಬಾಣಿಗರು ದೊಡ್ಡವರು. ಹೋಗುವಾಗ ಹತ್ತಿ, ಬರುವಾಗ ಉಪ್ಪು, ತೆಂಗು. ಖಾಲಿ ವಾಪಸ್ ಬರೋ ಮಾತೇ ಇಲ್ಲ. ಲಾಜಿಸ್ಟಿಕ್ಸ್ ಕಂಪನಿಗಳು ಇವತ್ತು ತಲೆ ಕೆಡಿಸಿಕೊಳ್ಳೋದು ಇದಕ್ಕೇ! ಗಾಡಿ ರಸ್ತೆ, ಆಮೇಲೆ ರೈಲು ಬಂದಂಗ ಈ ಕಸುಬು ಹೋಯಿತು. ಕಲಘಟಗಿ ತಾಲೂಕಿನ ತಾಂಡಾಗಳು ಇವತ್ತಿಗೂ ಇವೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ನಿಂತು ಲ್ಯಾಂಕಶೈರ್ ಗಿರಣಿಗಳು ಬಾಗಿಲು ಹಾಕತೊಡಗಿದವು. ಇಲ್ಲಿ ಹತ್ತಿ ದರ ಗಗನಕ್ಕೆ ಏರಿತು. ಆಗ ಧಾರವಾಡ ಇದ್ದದ್ದು ಮುಂಬೈ ಪ್ರಾಂತದಲ್ಲಿ, ಕಾರವಾರ-ಕುಮಟಾ ಇದ್ದದ್ದು ಮದ್ರಾಸ್ ಪ್ರಾಂತದಲ್ಲಿ. ಒಂದೇ ಹಾದಿ, ಎರಡು ಸರಕಾರ. ಹತ್ತಿ ವ್ಯಾಪಾರಿಗಳಿಗೆ ಕಾರವಾರ ಬಂದರೂ ಬೇಕು, ಅಲ್ಲಿಗೆ ಘಟ್ಟದ ರಸ್ತೆಯೂ ಬೇಕು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಒತ್ತಡವೂ ಇತ್ತು. ದುಡ್ಡು ಬಂದಲ್ಲಿ ಮೋಸ ಬರಲೇಬೇಕಲ್ಲ? ಹತ್ತಿಗೆ ಕಸ, ಕಾಳು ಬೆರೆಸೋದು ಎಷ್ಟು ಹೆಚ್ಚಿತೆಂದರೆ, 1863ರಲ್ಲಿ ಮುಂಬೈ ಸರಕಾರ ಹತ್ತಿ ಕಲಬೆರಕೆ ವಿರುದ್ಧವೇ ಕಾಯ್ದೆ ತಂದಿತು. 1865ರಲ್ಲಿ ಯುದ್ಧ ಮುಗಿಯಿತು, ದರ ನೆಲ ಕಚ್ಚಿತು. ಏರಿದ ದರ ನಂಬಿ ಸಾಲ ಮಾಡಿದ ರೈತನ ಪಾಡು ಏನಾಗಿರಬೇಕು, ಈರುಳ್ಳಿ ದರ ಕುಸಿದಾಗ ನೋಡಿದ ನಮ್ಮೂರವರಿಗೆ ಬಿಡಿಸಿ ಹೇಳಬೇಕಿಲ್ಲ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಅಣ್ಣಿಗೇರಿ ಮುಂದೇ ರೈಲು ಹಾದುಹೋಯಿತು, ಮಾಲು ಗೋವಾದ ಮರ್ಮಗೋವಾ ಬಂದರಿನ ಕಡೆ ತಿರುಗಿತು. ಕುಮಟಾ ಬಂದರಿನ ವ್ಯಾಪಾರ ಇಳಿಯಿತು, ಘಟ್ಟದ ಹಾದಿಯ ಮೇಲೆ ಎತ್ತಿನ ಗಂಟೆ ಸದ್ದು ಕಡಿಮೆಯಾಯಿತು. ಹೆಸರು ಮಾತ್ರ ಆಮೇಲೂ ಉಳೀತು: ಹತ್ತಿ ರೈಲಿನಾಗ ಹೋಗುತ್ತಿದ್ದರೂ ಪೇಟೆಯವರು ಅದನ್ನು ‘ಕುಮಟಾ’ ಅಂತಲೇ ಕರೆದರು.

ಇದೆಲ್ಲ ಈಗ ಯಾಕೆ? ಅರಬೈಲು ಘಟ್ಟದಲ್ಲಿ ಇವತ್ತು ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಲಾರಿಗಳು ಓಡುತ್ತಿವೆ. ಅದೇ ದಿಕ್ಕಿಗೆ ರೈಲು ಬೇಕೋ, ಕಾಡು ಉಳಿಯಬೇಕೋ ಅನ್ನೋ ವಾದ ದಶಕಗಳಿಂದ ನಡೆದೈತಿ. ಆ ವಾದಕ್ಕೆ ಕೂರುವ ನಾವು, ಈ ಕಾಡಿಗೂ ನಮ್ಮ ಹೊಲಕ್ಕೂ ಮೊದಲಿನಿಂದ ಇದ್ದ ನಂಟು ತಿಳಿದಿರಬೇಕು. ಟ್ರೆಕಿಂಗ್ ಆ್ಯಪ್‌ಗಳು ಹಾದಿಯನ್ನು ಪಾರ್ಕಿಂಗ್ ಜಾಗದಿಂದ ಶುರು ಮಾಡುತ್ತವೆ. ಕಾಲಿನಿಂದ ಸರಳು ಉರುಳಿಸಿದ ಹೆಣ್ಣುಮಕ್ಕಳು, ಹೇರು ಹೊತ್ತ ಎತ್ತು, ತಾಂಡಾದ ಜನ ಆ ಮ್ಯಾಪಿನಾಗ ಬರೋದಿಲ್ಲ.

ಅದಕ್ಕೊಂದು ಕೆಲಸ ಕೊಡ್ತೀನಿ. ನಿಮ್ಮೂರಿನ ಹಿರಿಯರನ್ನ ಕೇಳ್ರಿ: ರಸ್ತೆ ಆಗೋಕಿಂತ ಮೊದಲು ಘಟ್ಟಕ್ಕೆ ಯಾವ ಹಾದಿ ಹಿಡಿದು ಹೋಗ್ತಿದ್ರು, ಎಲ್ಲಿ ಎತ್ತಿಗೆ ನೀರು ಕುಡಿಸ್ತಿದ್ರು, ಯಾವ ಗುಡಿ ಮುಂದೆ ರಾತ್ರಿ ಉಳೀತಿದ್ರು? ಉತ್ತರವನ್ನು ಫೋನಿನಾಗ ರೆಕಾರ್ಡ್ ಮಾಡಿ ನಮಗೆ ಕಳಿಸ್ರಿ. ಹೇಳುವವರು ಇನ್ನೂ ನಮ್ಮ ಜೊತೆ ಇರುವಾಗಲೇ ಕೇಳ್ರಿ. ಬರ್ತೀನ್ರಿ.